ನೆರಳನ್ನು ಎಷ್ಟು ಉಳಿಸಬೇಕು?

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಒಳಗೆ ನಿಂತು ಬಾಗಿಲ ಕಡೆಗೆ ಫೋನ್ ಹಿಡಿದರೆ ಕ್ಯಾಮೆರಾ ಕಷ್ಟದ ಲೆಕ್ಕವೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ನಡುಹಗಲಿನ ನೇರ ಬಿಸಿಲೆಂದರೆ ಸುಮಾರು 1,00,000 ಲಕ್ಸ್ ಬೆಳಕು. 1927ರ ಆ ಹಳೆಯ ಕಟ್ಟಡದ ಸೂರಿನಡಿ, ಅಂಗಡಿಯ ಒಳಮೂಲೆಯಲ್ಲಿ, ಅದು 100 ಲಕ್ಸ್ ಆಸುಪಾಸಿಗೆ ಇಳಿಯಬಹುದು. ಹೊರಗಿನ ಬೆಳಕು ಒಳಗಿನದರ ಸಾವಿರ ಪಟ್ಟು ಎಂದಾಯಿತು. ಇದರ ಮೇಲೆ ವಸ್ತುಗಳ ಬಣ್ಣದ ಅಂತರವೂ ಇದೆ. ಬಿಳಿ ಹೂವು ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಕಳಿಸಿದರೆ ಕಪ್ಪು ಬಟ್ಟೆ ನೂರರಲ್ಲಿ ನಾಲ್ಕೈದು ಪಾಲನ್ನಷ್ಟೇ ಕಳಿಸುತ್ತದೆ. ಹೀಗಾಗಿ ಹೊರಗೆ ಬಿಸಿಲಲ್ಲಿ ರಾಶಿ ಹಾಕಿದ ಹೂವಿಗೂ ಒಳಗೆ ಕೂತವರ ಕಪ್ಪು ಅಂಗಿಗೂ ನಡುವೆ ಸುಮಾರು 20,000 ಪಟ್ಟು ವ್ಯತ್ಯಾಸ. ಬೆಳಕು ಇಮ್ಮಡಿಯಾಗುವ ಪ್ರತಿ ಮೆಟ್ಟಿಲನ್ನೂ ಛಾಯಾಗ್ರಾಹಕರು ಒಂದು ಸ್ಟಾಪ್ ಎಂದು ಎಣಿಸುತ್ತಾರೆ. ಆ ಎಣಿಕೆಯಲ್ಲಿ ಇದು 14 ಸ್ಟಾಪಿಗೂ ಮೇಲೆ. ಒಂದೇ ಕ್ಲಿಕ್ಕಿನಲ್ಲಿ ಇಷ್ಟನ್ನೂ ಚೊಕ್ಕವಾಗಿ ಹಿಡಿಯುವುದು ಫೋನಿನ ಪುಟ್ಟ ಸೆನ್ಸರಿಗೆ ಆಗದ ಮಾತು. ಎಚ್‌ಡಿಆರ್, ಅಂದರೆ ಹೈ ಡೈನಾಮಿಕ್ ರೇಂಜ್, ಹುಟ್ಟಿದ್ದು ಈ ತೊಡಕಿನಿಂದ. ಅದನ್ನು ಫೋಟೋ ಚೆಂದಗೊಳಿಸುವ ಗುಂಡಿ ಎಂದು ತಿಳಿದವರೇ ಹೆಚ್ಚು. ನನ್ನ ವಾದ ಬೇರೆ. ಯಾವ ನೆರಳು ತಿಳಿಯಾಗಬೇಕು, ಯಾವುದು ಕಪ್ಪಾಗಿಯೇ ಇರಬೇಕು ಎಂಬ ತೀರ್ಮಾನವೇ ಎಚ್‌ಡಿಆರ್. ನಾವು ತೀರ್ಮಾನಿಸದೆ ಹೋದರೆ ಫೋನು ತನಗೆ ತೋಚಿದಂತೆ ತೀರ್ಮಾನಿಸುತ್ತದೆ.

ಸೆನ್ಸರಿನ ಮಿತಿ ಎಲ್ಲಿದೆ ಎಂಬುದು ಗೊತ್ತಾದರೆ ಉಳಿದದ್ದು ಸುಲಭ. ಸೆನ್ಸರಿನ ಒಂದೊಂದು ಪಿಕ್ಸೆಲ್ಲೂ ನಲ್ಲಿಯ ಕೆಳಗಿಟ್ಟ ಬಿಂದಿಗೆಯಿದ್ದಂತೆ: ತುಂಬಿದ ಮೇಲೆ ಬಿದ್ದದ್ದೆಲ್ಲ ಚೆಲ್ಲಿಹೋಗುತ್ತದೆ, ಚೆಲ್ಲಿದ್ದು ಎಷ್ಟು ಎಂಬ ಲೆಕ್ಕವೂ ಉಳಿಯುವುದಿಲ್ಲ. ಆಕಾಶ ಬೆಳ್ಳಗೆ ಸುಟ್ಟುಹೋಯಿತು ಎನ್ನುತ್ತೇವಲ್ಲ, ಅದು ಇದೇ. ಆ ಬಿಳುಪಿನೊಳಗೆ ಮೋಡ ಅಡಗಿ ಕೂತಿರುವುದಿಲ್ಲ, ಆಮೇಲೆ ಯಾವ ತಂತ್ರಾಂಶದಲ್ಲಿ ಎಷ್ಟು ತಿದ್ದಿದರೂ ಬರುವುದಿಲ್ಲ. ಕತ್ತಲಿನ ಕಥೆ ಹಾಗಲ್ಲ. ಅಲ್ಲಿ ಬೆಳಕು ಕಡಿಮೆ ಬಿದ್ದಿರುತ್ತದೆಯೇ ಹೊರತು ಪೂರ್ತಿ ಬಿದ್ದೇ ಇಲ್ಲ ಎಂದಲ್ಲ. ಎತ್ತಿ ತೋರಿಸಹೊರಟರೆ ಬಣ್ಣಬಣ್ಣದ ಕಾಳುಕಾಳು ಮೇಲೆದ್ದು ಬರುತ್ತದೆ, ಆದರೂ ಏನೋ ಒಂದು ಕೈಗೆ ಸಿಗುತ್ತದೆ. ಬೆಳಕಿನ ತುದಿಯಲ್ಲಿ ಆದ ನಷ್ಟ ಶಾಶ್ವತ, ಕತ್ತಲಿನ ತುದಿಯಲ್ಲಿ ಆದದ್ದನ್ನು ಒಂದಿಷ್ಟು ತುಂಬಿಕೊಳ್ಳಬಹುದು. ಮುಂದೆ ಬರುವ ಉಪಾಯಗಳೆಲ್ಲ ಈ ಅಸಮತೆಯನ್ನೇ ಆಧರಿಸಿವೆ.

ಹಲವು ಚಿತ್ರ ಸೇರಿಸಿ ಒಂದು ಮಾಡುವುದು ಮೋಸವಲ್ಲವೇ, ಕ್ಯಾಮೆರಾ ಕಂಡದ್ದನ್ನು ಕಂಡ ಹಾಗೆ ತೋರಿಸಬೇಡವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಣ್ಣದಲ್ಲ, ಅದಕ್ಕೊಂದು ಉತ್ತರ ಬೆಂಗಳೂರಿನಲ್ಲೇ ಇದೆ. ಲಿನಿಯಸ್ ಟ್ರೈಪ್ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಯ ಅಧಿಕಾರಿ. 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದವನು. 1855ರಲ್ಲಿ ಬರ್ಮಾಕ್ಕೆ ಹೋದ ರಾಯಭಾರಿ ತಂಡದ ಜೊತೆ ಛಾಯಾಗ್ರಾಹಕನಾಗಿ ಹೋಗಿ ಬಂದು, ಅಲ್ಲಿ ತೆಗೆದ 120 ಚಿತ್ರಗಳ 50 ಪ್ರತಿಗಳನ್ನು ಬೆಂಗಳೂರಿನಲ್ಲೇ ಮುದ್ರಿಸಿದ. ಆ ಕಾಲದ ಕಾಗದದ ನೆಗೆಟಿವ್‌ಗೆ ನೀಲಿ ಬೆಳಕೆಂದರೆ ಅತಿ ಸಲುಗೆ. ಕಟ್ಟಡದ ವಿವರ ಮೂಡುವಷ್ಟು ಹೊತ್ತು ತೆರೆದಿಟ್ಟರೆ ಆಕಾಶದ ಭಾಗ ಮಿತಿಮೀರಿ ತುಂಬಿಹೋಗಿ, ಮುದ್ರಿಸಿದಾಗ ಬರಿ ಬಿಳಿ ಹಾಳೆಯಂತೆ ಕಾಣುತ್ತಿತ್ತು. ಟ್ರೈಪ್ ಏನು ಮಾಡಿದ ಎಂದರೆ, ನೆಗೆಟಿವ್ ಮೇಲೆ ಕುಂಚ ಹಿಡಿದು ಬಣ್ಣ ಹಚ್ಚಿ ಮೋಡಗಳನ್ನು ತಾನೇ ಬರೆದ. ಅದೇ ವರ್ಷಗಳಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಆಕಾಶಕ್ಕೊಂದು ಬೇರೆ ಬೇರೆ ನೆಗೆಟಿವ್ ಬಳಸಿ ಒಂದೇ ಚಿತ್ರ ಮುದ್ರಿಸಿದ್ದ. ಇಂದಿನ ಎಚ್‌ಡಿಆರ್ ಲ ಗ್ರೇಯ ದಾರಿಯದು. ಹಾಗೆ ನೋಡಿದರೆ ಟ್ರೈಪ್‌ನ ಮೋಡಗಳಿಗಿಂತ ನಮ್ಮ ಫೋನಿನ ಮೋಡಗಳು ಹೆಚ್ಚು ಪ್ರಾಮಾಣಿಕ. ಅವು ಆ ಗಳಿಗೆಯಲ್ಲಿ ಆಕಾಶದಲ್ಲಿ ನಿಜವಾಗಿ ಇದ್ದವು. ಛಾಯಾಗ್ರಹಣ ಹುಟ್ಟಿದಾಗಿನಿಂದ ಬೆಳಕಿನ ಹರವನ್ನು ಕಾಗದದ ಹರವಿಗೆ ಬಗ್ಗಿಸುತ್ತಲೇ ಬಂದಿದೆ. ಬಗ್ಗಿಸಬಾರದು ಎಂಬ ವಾದ ನಿಲ್ಲುವುದಿಲ್ಲ. ಎಷ್ಟು ಬಗ್ಗಿಸಬೇಕು ಎಂಬುದಷ್ಟೇ ಚರ್ಚೆಗೆ ಉಳಿಯುತ್ತದೆ.

ಡಿಜಿಟಲ್ ಕಾಲದಲ್ಲಿ ಈ ಬಗ್ಗಿಸುವಿಕೆಯ ಗಣಿತವನ್ನು 1995ರಲ್ಲಿ ಸ್ಟೀವ್ ಮನ್ ಮತ್ತು ರೋಸಲಿಂಡ್ ಪಿಕಾರ್ಡ್, 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ತಮ್ಮ ಪ್ರಬಂಧಗಳಲ್ಲಿ ಹಾಕಿಕೊಟ್ಟರು. ಒಂದು ಮಂಕು, ಒಂದು ಹದ, ಒಂದು ಪ್ರಖರ ಎಂದು ಬೇರೆ ಬೇರೆ ಎಕ್ಸ್‌ಪೋಷರ್‌ನ ಚಿತ್ರಗಳನ್ನು ತೆಗೆದು ಪ್ರತಿಯೊಂದರಿಂದಲೂ ಒಳ್ಳೆಯ ಭಾಗವನ್ನು ಆಯ್ದುಕೊಳ್ಳುವ ವಿಧಾನ ಅದು. 2010ರ ಸೆಪ್ಟೆಂಬರಿನಲ್ಲಿ ಐಫೋನ್ 4ಕ್ಕೆ ಬಂದ ಎಚ್‌ಡಿಆರ್ ಹೀಗೆ ಮೂರು ಚಿತ್ರ ತೆಗೆಯುತ್ತಿತ್ತು. ಅಷ್ಟರಲ್ಲಿ ಕೈ ಅಲುಗಿದರೆ, ಎದುರಿಗಿದ್ದವರು ತಲೆ ಆಡಿಸಿದರೆ ಅಂಚುಗಳೆಲ್ಲ ಜೋಡಿಜೋಡಿಯಾಗುತ್ತಿದ್ದವು. 2013ರಲ್ಲಿ ನೆಕ್ಸಸ್ 5 ಫೋನಿನೊಂದಿಗೆ ಗೂಗಲ್ ತಂದ ಎಚ್‌ಡಿಆರ್ ಪ್ಲಸ್ ಇದನ್ನು ತಿರುವಿಹಾಕಿತು. ಎಲ್ಲ ಚಿತ್ರಗಳನ್ನೂ ಒಂದೇ ಎಕ್ಸ್‌ಪೋಷರ್‌ನಲ್ಲಿ, ಬೇಕೆಂದೇ ಮಂಕಾಗಿ ತೆಗೆಯುವುದು; ಬಿಂದಿಗೆ ಚೆಲ್ಲದಂತೆ ನೋಡಿಕೊಳ್ಳುವುದು; ಆಮೇಲೆ ಅವುಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದು ಕತ್ತಲಿನ ಕಾಳುಗಳನ್ನು ಅಳಿಸುವುದು. ಒಂಬತ್ತು ಚಿತ್ರಗಳ ಸರಾಸರಿ ತೆಗೆದರೆ ಕಾಳು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ, ಇದು ಸಂಖ್ಯಾಶಾಸ್ತ್ರದ ಹಳೆಯ ನಿಯಮ. ಇಂದಿನ ಬಹುತೇಕ ಫೋನುಗಳು ಈ ಎರಡೂ ದಾರಿಗಳ ಮಿಶ್ರಣದಲ್ಲಿ ನಡೆಯುತ್ತವೆ.

ಬಳಕೆಯ ಮೊದಲ ಪಾಠ ಇಲ್ಲೇ ಸಿಗುತ್ತದೆ. ಚೆಲ್ಲಿದ್ದು ಮರಳಿ ಬಾರದಿರುವುದರಿಂದ ಕಾಪಾಡಬೇಕಾದ್ದು ಬೆಳಕಿನ ತುದಿಯನ್ನು. ಹಲಸೂರಿನ ಸೋಮೇಶ್ವರ ದೇವಸ್ಥಾನದ ಎತ್ತರದ ಗೋಪುರವನ್ನೂ ಅದರಡಿಯ ಬಾಗಿಲಿನ ಕತ್ತಲನ್ನೂ ಒಟ್ಟಿಗೆ ಹಿಡಿಯಬೇಕಿದ್ದರೆ ಬೆರಳು ಒತ್ತಬೇಕಾದ್ದು ಬಿಸಿಲು ಬಿದ್ದ ಗೋಪುರದ ಮೇಲೆ. ಬಾಗಿಲನ್ನು ಒತ್ತಿದರೆ ಫೋನು ಕತ್ತಲಿಗೆ ಹದ ಮಾಡಿಕೊಂಡು ಗಾರೆಯ ಶಿಲ್ಪಗಳ ವಿವರವನ್ನು ಬಿಳುಪಿಗೆ ಬಲಿಕೊಟ್ಟೀತು. ಬೆರಳೊತ್ತಿದಾಗ ಪರದೆಯ ಮೇಲೆ ಕಾಣುವ ಸೂರ್ಯನ ಚಿಹ್ನೆಯನ್ನು ತುಸು ಕೆಳಗೆಳೆದರೆ ಇನ್ನೂ ಕ್ಷೇಮ. ಹಾಗೆಯೇ, ಗುಂಡಿ ಒತ್ತಿದ ಕೂಡಲೇ ಕೈ ಇಳಿಸಬಾರದು. ಹಲವು ಫೋನುಗಳು ನೆರಳಿಗಾಗಿ ತೆಗೆಯುವ ಚಿತ್ರವನ್ನು ಒತ್ತಿದ ಮೇಲೆ ತೆಗೆಯುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಯಾರೂ ಮಾಡದ್ದು, ಲೆನ್ಸ್ ಒರೆಸುವುದು. ಬೆರಳಿನ ಜಿಡ್ಡು ಅಂಟಿದ ಲೆನ್ಸಿನಲ್ಲಿ ಆಕಾಶದ ಬೆಳಕು ಚದುರಿ ಚಿತ್ರದ ತುಂಬ ಹರಡುತ್ತದೆ, ನೆರಳಿನ ಜಾಗವೆಲ್ಲ ಹಾಲು ಕಲೆಸಿದಂತೆ ಮಬ್ಬಾಗುತ್ತದೆ. ಆ ಮಬ್ಬು ಎಲ್ಲ ಒಂಬತ್ತು ಚಿತ್ರಗಳಲ್ಲೂ ಇರುವುದರಿಂದ ಸರಾಸರಿ ತೆಗೆದು ಕಳೆಯುವಂತಿಲ್ಲ. ಹತ್ತಿಬಟ್ಟೆಯ ಒಂದು ತುದಿ ಮಾಡುವ ಕೆಲಸವನ್ನು ದುಬಾರಿ ಚಿಪ್ ಮಾಡಲಾರದು.

ಇನ್ನು ಎಚ್‌ಡಿಆರ್ ಸೋಲುವ ಕಡೆಗಳು. ಚಲನೆ ಮೊದಲನೆಯದು. ಕೆ.ಆರ್. ಪುರದ ತೂಗುಸೇತುವೆಯ ಕೇಬಲ್‌ಗಳು ಅಲುಗುವುದಿಲ್ಲ, ಆಕಾಶದೆದುರು ಅವು ಎಚ್‌ಡಿಆರ್‌ನಲ್ಲಿ ಸೊಗಸಾಗಿ ಬಂದಾವು. ಕೆಳಗೆ ನುಗ್ಗುವ ಬಸ್ಸು, ಆಟೋ, ಬೈಕುಗಳು ಮಾತ್ರ ಒಂದು ಚಿತ್ರದಲ್ಲಿ ಇದ್ದ ಜಾಗದಲ್ಲಿ ಇನ್ನೊಂದರಲ್ಲಿ ಇರುವುದಿಲ್ಲ. ಹೊಂದದ ತುಣುಕುಗಳನ್ನು ಈಗಿನ ತಂತ್ರಾಂಶ ಬಿಟ್ಟುಬಿಡುತ್ತದೆ ನಿಜ. ಬಿಟ್ಟ ಕಡೆ ಸರಾಸರಿಗೆ ಚಿತ್ರಗಳೇ ಕಡಿಮೆಯಾಗಿ ಕಾಳು ಉಳಿಯುತ್ತದೆ, ಹಳೆಯ ಫೋನಿನಲ್ಲಾದರೆ ಬೈಕಿಗೆ ದೆವ್ವದಂಥ ಜೋಡಿಯೂ ಕಾಣಿಸಿಕೊಳ್ಳುತ್ತದೆ. ವಾಹನವೇ ಮುಖ್ಯವಾದರೆ ಎಚ್‌ಡಿಆರ್ ಆಫ್ ಮಾಡುವುದು ಲೇಸು. ಎರಡನೆಯದು ಅಂಚಿನ ಪ್ರಭೆ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಮೊನಚು ಶಿಖರವನ್ನು ಆಕಾಶದೆದುರು ತೆಗೆದಾಗ ಕೆಲವು ಫೋನುಗಳು ಅದರ ಸುತ್ತ ಬೆಳ್ಳನೆಯ ಅಂಚು ಕಟ್ಟುತ್ತವೆ. ಕಟ್ಟಡವನ್ನು ಬೆಳಗಿಸುವಾಗ ಪಕ್ಕದ ಆಕಾಶದ ಪಟ್ಟಿಯೂ ಬೆಳಗಿಹೋಗುವುದೇ ಇದಕ್ಕೆ ಕಾರಣ. ಮೂರನೆಯದನ್ನು ನಾನು ಹೆಚ್ಚು ಗಂಭೀರವಾಗಿ ಎಣಿಸುತ್ತೇನೆ, ಅದು ಮುಖ. ಹಿಂದಿನಿಂದ ಬೆಳಕು ಬಿದ್ದ ಕಂದುಬಣ್ಣದ ಮುಖವನ್ನು ಫೋನು ಮೇಲೆತ್ತಿದಾಗ ಚರ್ಮ ಬೂದಿ ಬಳಿದಂತಾಗುತ್ತದೆ, ಇಲ್ಲವೇ ಇದ್ದದ್ದಕ್ಕಿಂತ ಬೆಳ್ಳಗಾಗುತ್ತದೆ. ಫಿಲ್ಮಿನ ಕಾಲದಿಂದಲೂ ಬಣ್ಣದ ಹದವನ್ನು ಬಿಳಿಯರ ಚರ್ಮಕ್ಕೆ ಹೊಂದಿಸುತ್ತಿದ್ದರು. 2021ರಲ್ಲಿ ಗೂಗಲ್ ರಿಯಲ್ ಟೋನ್ ಹೆಸರಿನಲ್ಲಿ ಇದನ್ನು ತಿದ್ದಹೊರಟದ್ದು ಸಮಸ್ಯೆ ಇತ್ತು ಎಂಬುದಕ್ಕೆ ಸಾಕ್ಷಿ. ದೇವಸ್ಥಾನದ ಮದುವೆಯಲ್ಲಿ ವಧುವನ್ನು ಬೆಳಕಿನ ಕಡೆ ಮುಖ ಮಾಡಿ ಎರಡು ಹೆಜ್ಜೆ ಸರಿಸಿ ನಿಲ್ಲಿಸುವುದು ಯಾವ ಎಚ್‌ಡಿಆರ್‌ಗಿಂತಲೂ ಮೇಲು.

ಇಲ್ಲೊಂದು ಬಲವಾದ ಆಕ್ಷೇಪವಿದೆ. ನಮ್ಮ ಕಣ್ಣಿಗೆ ಮಾರುಕಟ್ಟೆಯ ಒಳಗೂ ಹೊರಗೂ ಎರಡೂ ಸ್ಪಷ್ಟವಾಗಿ ಕಾಣುತ್ತವೆ, ಆದ್ದರಿಂದ ಎಲ್ಲವನ್ನೂ ತೋರಿಸುವ ಚಿತ್ರವೇ ಕಣ್ಣಿಗೆ ಹತ್ತಿರ, ಅದನ್ನೇಕೆ ತಡೆಯಬೇಕು ಎಂಬುದು. ಕಣ್ಣು ಎರಡನ್ನೂ ನೋಡುವುದು ನಿಜವಾದರೂ ಒಂದೇ ನೋಟದಲ್ಲಿ ನೋಡುವುದಿಲ್ಲ. ಹೊರಗೆ ನೋಡಿದಾಗ ಪಾಪೆ ಕುಗ್ಗುತ್ತದೆ, ಒಳಗೆ ತಿರುಗಿದಾಗ ಹಿಗ್ಗುತ್ತದೆ, ಅಕ್ಷಿಪಟಲವೂ ತನ್ನ ಸೂಕ್ಷ್ಮತೆಯನ್ನು ಬದಲಿಸಿಕೊಳ್ಳುತ್ತದೆ, ಮಿದುಳು ಎಲ್ಲವನ್ನೂ ಹೊಲಿಯುತ್ತದೆ. ಹೀಗೆ ಹೊಲಿಯುವಾಗ ಕಣ್ಣು ಒಂದನ್ನು ಮಾತ್ರ ಎಂದೂ ಕೆಡಿಸುವುದಿಲ್ಲ: ಬೆಳಕಿನ ಶ್ರೇಣಿ. ಹೊರಗಿನದು ಹೆಚ್ಚು, ಒಳಗಿನದು ಕಡಿಮೆ ಎಂಬ ಅರಿವು ಸದಾ ಇರುತ್ತದೆ. ಕೆಟ್ಟ ಎಚ್‌ಡಿಆರ್ ಮುರಿಯುವುದು ಇದನ್ನೇ. ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿ 2011ರಿಂದ ಓಡುತ್ತಿರುವ ಮೆಟ್ರೋದ ಮೇಲ್ಸೇತುವೆಯಡಿ ತೆಗೆದ ಚಿತ್ರದಲ್ಲಿ ಕಾಂಕ್ರೀಟಿನ ತಳಭಾಗ ಆಚೆಯ ಮೋಡಕ್ಕಿಂತ ಬೆಳ್ಳಗೆ ಕಂಡರೆ ಅದು ಹಗಲೋ ಸಂಜೆಯೋ, ಸೆಕೆಯೋ ತಂಪೋ ಎಂಬುದೇ ತಿಳಿಯುವುದಿಲ್ಲ. ನೆರಳೂ ಒಂದು ಸುದ್ದಿ. ಗಂಟೆ ಎಷ್ಟು, ಬಿಸಿಲು ಎತ್ತ ಕಡೆಯದು, ಮಳೆ ಬರುವಂತಿದೆಯೇ ಎಂಬುದನ್ನೆಲ್ಲ ಚಿತ್ರದಲ್ಲಿ ಹೇಳುವುದು ಅದೇ. ಹಾಗಾಗಿ ಎಚ್‌ಡಿಆರ್ ಚಿತ್ರವೊಂದು ಸರಿಯಾಗಿದೆಯೇ ಎಂದು ನೋಡಲು ನಾನು ಒಪ್ಪುವ ಪರೀಕ್ಷೆ ಒಂದೇ. ಬಿಸಿಲಲ್ಲಿದ್ದದ್ದು ನೆರಳಲ್ಲಿದ್ದದ್ದಕ್ಕಿಂತ ಈಗಲೂ ಬೆಳ್ಳಗಿದೆಯೇ? ಹಲಸೂರು ಕೆರೆಯ ದಡದ ಮರಗಳನ್ನು ಇಳಿಹೊತ್ತಿನ ಆಕಾಶದೆದುರು ತೆಗೆಯುವಾಗಲಂತೂ ಎಲೆಯ ಹಸಿರನ್ನು ಬಗೆದು ತೋರಿಸುವ ಅಗತ್ಯವೇ ಇಲ್ಲ. ಅಲ್ಲಿ ಕಪ್ಪು ಆಕೃತಿಯೇ ವಿಷಯ.

ಇಷ್ಟೆಲ್ಲ ಹೇಳಿ ಪ್ರಯೋಜನವೇನು, ಈಗಿನ ಫೋನುಗಳಲ್ಲಿ ಅದನ್ನು ಆಫ್ ಮಾಡುವ ಗುಂಡಿಯನ್ನೇ ತೆಗೆದುಹಾಕಿದ್ದಾರಲ್ಲ ಎಂದರೆ, ದೂರು ನ್ಯಾಯವಾದದ್ದೇ. ಹಲವು ಹೊಸ ಫೋನುಗಳಲ್ಲಿ ಎಚ್‌ಡಿಆರ್ ಒಂದು ಮೋಡ್ ಅಲ್ಲ, ಅದೇ ಕ್ಯಾಮೆರಾ. ತಯಾರಕರು ಹೀಗೆ ಮಾಡಿದ್ದಕ್ಕೆ ಕಾರಣವೂ ಇದೆ: ಸಾವಿರ ಸನ್ನಿವೇಶಗಳಲ್ಲಿ ಹೆಚ್ಚಿನವಕ್ಕೆ ಯಾಂತ್ರಿಕ ತೀರ್ಮಾನವೇ ಸಾಕು. ಆದರೂ ಕೈ ಕಟ್ಟಿಹೋಗಿಲ್ಲ. ಗುಂಡಿ ಇರುವ ಫೋನಿನಲ್ಲಿ ಅದನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆಟೋದಲ್ಲಿ ಇಡುವುದು, ಓಡುವ ವಸ್ತು ಮತ್ತು ಕಪ್ಪು ಆಕೃತಿಗಳಿಗೆ ಮಾತ್ರ ಆಫ್ ಮಾಡುವುದು ಜಾಣತನ. ಗುಂಡಿ ಇಲ್ಲದ ಕಡೆ ಎಕ್ಸ್‌ಪೋಷರ್‌ನ ಜಾರುಪಟ್ಟಿಯೇ ನಮ್ಮ ಮಾತು. ಕೆಳಗೆಳೆದರೆ ಫೋನು ನೆರಳನ್ನೆತ್ತುವ ಹುರುಪನ್ನು ಒಂದಿಷ್ಟು ತಗ್ಗಿಸುತ್ತದೆ. 2019ರ ಪಿಕ್ಸೆಲ್ 4ರಿಂದ ಗೂಗಲ್ ಫೋನುಗಳಲ್ಲಿ ಒಟ್ಟು ಬೆಳಕಿಗೊಂದು, ನೆರಳಿಗೊಂದು ಎಂದು ಎರಡು ಪಟ್ಟಿಗಳೇ ಬಂದವು. ಎಲ್ಲರೂ ಅನುಸರಿಸಬೇಕಿತ್ತು. ಪ್ರೊ ಮೋಡ್‌ನಲ್ಲಿ ರಾ ಕಡತ ತೆಗೆದು ತಾವೇ ಹದ ಮಾಡುವ ತಾಳ್ಮೆಯುಳ್ಳವರಿಗೆ ಆ ದಾರಿಯೂ ಉಂಟು. ಅಲ್ಲಿ ಹಲವು ಚಿತ್ರಗಳ ಸರಾಸರಿಯ ಲಾಭ ಎಲ್ಲ ಫೋನುಗಳಲ್ಲೂ ಸಿಗುವುದಿಲ್ಲ ಎಂಬುದು ನೆನಪಿರಲಿ. ಅದೂ ಬೇಡವೆಂದರೆ ತೆಗೆದ ಚಿತ್ರದಲ್ಲೇ ಎಡಿಟ್ ಒತ್ತಿ ಶ್ಯಾಡೋ ಪಟ್ಟಿಯನ್ನು ಹಿಂದಕ್ಕೆಳೆಯಬಹುದು. ಎಚ್‌ಡಿಆರ್ ಎತ್ತಿದ ನೆರಳನ್ನು ಮತ್ತೆ ಇಳಿಸಲು ಯಾವ ಖರ್ಚೂ ಇಲ್ಲ.

ಕೊನೆಯದಾಗಿ, ಚಿತ್ರವನ್ನು ಎಲ್ಲಿ ನೋಡುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 2023ರ ಆಂಡ್ರಾಯ್ಡ್ 14ರ ಜೊತೆ ಬಂದ ಅಲ್ಟ್ರಾ ಎಚ್‌ಡಿಆರ್, ಸಾಮಾನ್ಯ ಚಿತ್ರದ ಜೊತೆಗೆ ಯಾವ ಭಾಗ ಎಷ್ಟು ಹೊಳೆಯಬೇಕೆಂಬ ನಕ್ಷೆಯನ್ನೂ ಇಡುತ್ತದೆ. ಅದಕ್ಕೆ ತಕ್ಕ ಪರದೆಯಲ್ಲಿ ಕಮರ್ಷಿಯಲ್ ಸ್ಟ್ರೀಟಿನ ದೀಪಗಳು ನಿಜಕ್ಕೂ ಉರಿಯುವಂತೆ ಕಾಣುತ್ತವೆ, ನೆರಳನ್ನು ವಿಪರೀತ ಎತ್ತುವ ಅಗತ್ಯವೂ ತಗ್ಗುತ್ತದೆ. ಕಳಿಸುವ ದಾರಿಯಲ್ಲಿ ಆ ನಕ್ಷೆ ಕಳಚಿಕೊಂಡರೆ ನೆಂಟರ ಫೋನಿನಲ್ಲಿ ಅದೇ ಚಿತ್ರ ಸಪ್ಪೆಯಾಗಿ ತೆರೆದುಕೊಳ್ಳುತ್ತದೆ. ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದರೆ ಇನ್ನೂ ಇಕ್ಕಟ್ಟು: ಒಳ್ಳೆಯ ಹೊಳಪಿನ ಕಾಗದದಲ್ಲೂ ಅಚ್ಚ ಬಿಳುಪಿಗೂ ಗಾಢ ಕಪ್ಪಿಗೂ ನಡುವೆ ಆರೇಳು ಸ್ಟಾಪಿನಷ್ಟೇ ಜಾಗ. 14 ಸ್ಟಾಪಿನ ಮಾರುಕಟ್ಟೆಯನ್ನು ಅದರಲ್ಲಿ ಕೂಡಿಸಬೇಕು. ಆಲ್ಬಮ್ಮಿಗೆ ಹೋಗುವ ಚಿತ್ರವನ್ನು ಫೋನಿನ ಬ್ರೈಟ್‌ನೆಸ್ ಅರ್ಧಕ್ಕಿಳಿಸಿ ನೋಡಿಯೇ ಆರಿಸುವುದು, ಅಂಗಡಿಯವರಿಗೆ ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸದೆ ಮೂಲ ಕಡತವನ್ನೇ ಡಾಕ್ಯುಮೆಂಟ್ ಆಗಿ ಕಳಿಸುವುದು ಒಳ್ಳೆಯದು.