ನಿಮಗಿದು ಗೊತ್ತೆ? ಲಂಗರಿನ ಸರಪಳಿ ಎಷ್ಟುದ್ದ ಇರಬೇಕು?

ದೋಣಿಯನ್ನು ಹಿಡಿದು ನಿಲ್ಲಿಸುವುದು ಲಂಗರಿನ ಭಾರವೊಂದೇ ಅಲ್ಲ. ಸರಪಳಿ ತಳದ ಮೇಲೆ ಮಲಗಿ ಅಡ್ಡಡ್ಡ ಎಳೆದರೆ ಲಂಗರು ಮರಳಿನೊಳಗೆ ಇಳಿಯುತ್ತದೆ. ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಅದಕ್ಕೇ ಪೂರ್ತಿ ಸರಪಳಿಯಾದರೆ ಆಳದ ಕನಿಷ್ಠ 4 ಪಟ್ಟು, ಬಹುಪಾಲು ಹಗ್ಗವಾದರೆ 7 ಪಟ್ಟು ಬಿಡುವುದು ಸಣ್ಣ ಹಾಯಿದೋಣಿಯವರ ರೂಢಿ. ಗಾಳಿ ಜೋರಾದರೆ ಇನ್ನಷ್ಟು ಬೇಕು.

ಆಳ ಎಂದರೆ ಈಗಿರುವ ಆಳವಲ್ಲ, ಉಬ್ಬರ ಏರಿದಾಗಿನ ಆಳ. ಎಡವುವುದು ಇಲ್ಲೇ. ಇಂಗ್ಲಿಷ್ ಕಡಲ್ಗಾಲುವೆಯ ಜೆರ್ಸಿ ದ್ವೀಪದ ಸುತ್ತ ದೊಡ್ಡ ಉಬ್ಬರದಲ್ಲಿ ನೀರು 12 ಮೀಟರ್‌ವರೆಗೂ ಏರಬಲ್ಲದು. ಇಳಿತದ ಹೊತ್ತಿನಲ್ಲಿ 3 ಮೀಟರ್ ನೀರಿದ್ದ ಕಡೆ 10 ಮೀಟರ್ ಏರಿತೆನ್ನಿ. ನೀರಿನಿಂದ ದೋಣಿಯ ಮೂತಿಗಿರುವ ಎತ್ತರ 1 ಮೀಟರ್ ಸೇರಿಸಿ. ಒಟ್ಟು 14. ಅದರ 4 ಪಟ್ಟು ಎಂದರೆ 56 ಮೀಟರ್!

ಹಾಗೆಂದು ಮನಬಂದಷ್ಟು ಹೇರುವಂತಿಲ್ಲ. 8 ಮಿ.ಮೀ. ಸರಪಳಿ ಮೀಟರಿಗೆ ಸುಮಾರು 1.4 ಕೆ.ಜಿ. ತೂಗುತ್ತದೆ. 60 ಮೀಟರಿಗೆ 84 ಕೆ.ಜಿ.; ದಷ್ಟಪುಷ್ಟ ವ್ಯಕ್ತಿಯೊಬ್ಬರನ್ನು ಸದಾ ಮೂತಿಯಲ್ಲೇ ಕೂರಿಸಿಕೊಂಡಂತೆ. ದೋಣಿ ಅಲೆಗೆ ಮುಗ್ಗರಿಸುತ್ತದೆ, ವೇಗ ಕುಗ್ಗುತ್ತದೆ. ಅದಕ್ಕಾಗಿ ಅನೇಕರು 30 ಮೀಟರ್ ಸರಪಳಿಗೆ ನೈಲಾನ್ ಹಗ್ಗ ಜೋಡಿಸುತ್ತಾರೆ. ಹಗ್ಗ ಹಿಗ್ಗಿ ಗಾಳಿಯ ಹೊಡೆತವನ್ನು ನುಂಗುತ್ತದೆ. ಬಂಡೆಗೆ ಉಜ್ಜುವ ತಳದಲ್ಲಿ ಗಟ್ಟಿ ಸರಪಳಿ ಇರುತ್ತದೆ. ಸಣ್ಣ ದೋಣಿಗೆ ಇದೇ ಒಳ್ಳೆಯ ಜೋಡಿ.

ಲಂಗರು ಕಚ್ಚಿ ಹಿಡಿದಿದೆಯೇ ಎಂದು ತಿಳಿಯಲು ಬಿಗಿಯಾದ ಸರಪಳಿಯ ಮೇಲೆ ಅಂಗೈ ಇಟ್ಟು ನೋಡಬೇಕು: ಗಡಗಡ ನಡುಕ ಬಂದರೆ ಲಂಗರು ಜಾರುತ್ತಿರಬಹುದು. ಇನ್ನು ಸರಪಳಿಯ ಒಳತುದಿಯನ್ನು ದೋಣಿಗೆ ಕಟ್ಟುವುದು ಹಗ್ಗದಿಂದ. ಅಪಾಯ ಬಂದರೆ ಅದನ್ನು ಚಾಕುವಿನಿಂದ ಕತ್ತರಿಸಿ ಪಾರಾಗಬಹುದು.