ಪತ್ರಮಿತ್ರರಿಗೆ ಮನೆಯಲ್ಲೇ ಸಿಂಗರಿಸಿದ ಕಾಗದ

ಊರು ಬಿಟ್ಟು ಬಂದ ಕನ್ನಡ ಮನೆಗಳಲ್ಲಿ ಮಾತು ಹೇಗೋ ಉಳಿಯುತ್ತದೆ. ಅಕ್ಷರ ಮಾತ್ರ ಮೆಲ್ಲಗೆ ಜಾರಿಹೋಗುತ್ತದೆ. ಮಕ್ಕಳು ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಬರೆಯುವರು; ಮನೆಯಲ್ಲಿ ಅವ್ವನೊಡನೆ ಕನ್ನಡದಲ್ಲಿ ಮಾತಾಡುವರು. ಊರಿನಿಂದ ಅಜ್ಜಿಯ ಕಾಗದ ಬಂದಿತೆಂದರೆ ಅದನ್ನು ಓದಿಸಿಕೊಳ್ಳಲು ದೊಡ್ಡವರ ಬಳಿಗೆ ಓಡುವರು. ಅಜ್ಜಿಗೆ ಕನ್ನಡವಲ್ಲದೆ ಬೇರೆ ಲಿಪಿ ಬಾರದು; ಮೊಮ್ಮಗಳಿಗೆ ಆ ಲಿಪಿಯೇ ಬಾರದು. ಇಬ್ಬರ ನಡುವೆ ಪ್ರೀತಿ ಇದ್ದೂ ಕಾಗದ ಹೋಗದು.

ಈ ಕೊರತೆಗೆ ಒಂದು ಸಣ್ಣ ಉಪಾಯವುಂಟು. ಅದೇ ಪತ್ರಮೈತ್ರಿ. ಆದರೆ "ಕುಳಿತು ಕಾಗದ ಬರೆ" ಎಂದರೆ ಮಕ್ಕಳು ಮುಖ ಸಿಂಡರಿಸುವರು. "ಬಾ, ಕಾಗದ ಮಾಡೋಣ" ಎಂದರೆ ಕೈಯಲ್ಲಿದ್ದುದನ್ನು ಬಿಟ್ಟು ಓಡಿಬರುವರು. ತಾನೇ ಬಣ್ಣ ಕಟ್ಟಿ, ಅಂಚು ಬಿಡಿಸಿದ ಹಾಳೆಯನ್ನು ಯಾವ ಮಗುವೂ ಬರಿದಾಗಿ ಬಿಡಲಾರದು. ಇದಕ್ಕೆ ಬೇಕಾದ ಸಾಮಾನು ಹೆಚ್ಚಾಗಿ ಅಡಿಗೆಮನೆಯಲ್ಲಿಯೂ ರದ್ದಿಯ ಗಂಟಿನಲ್ಲಿಯೂ ಇದೆ.

ಸೀರೆಯ ಅಂಚೇ ಕಾಗದದ ಅಂಚು

ನಾವಿರುವ ಯೇವಲಾ ಪೈಠಣಿ ಸೀರೆಯ ಊರು. ಇಲ್ಲಿಯ ಮಗ್ಗಗಳಿಗೆ ರೇಷ್ಮೆಯ ನೂಲು ಬಹುವಾಗಿ ಬೆಂಗಳೂರಿನಿಂದ ಬರುತ್ತದೆ, ಜರಿ ಸೂರತಿನಿಂದ. ಹೀಗೆ ಕನ್ನಡ ನಾಡಿನ ಎಳೆ ನಮಗಿಂತ ಮೊದಲೇ ಈ ಊರಿಗೆ ಬಂದು ನೆಲೆಸಿದೆ. ನವಿಲು, ಗಿಳಿ, ಕಮಲ, ಹೂಬಳ್ಳಿ ಇವು ಪೈಠಣಿಯ ಸೆರಗಿನ ಚಿತ್ರಗಳು. ಎಳೆ ಎಣಿಸಿ ನೇಯುವ ಕಸುಬಾದುದರಿಂದ ಇವನ್ನು ಚೌಕಳಿ ಹಾಳೆಯ ಮೇಲೆ ಬಿಡಿಸುವುದು ಸುಲಭ.

ನಮ್ಮ ಕಡೆಯ ಕಸೂತಿಯೂ ಎಳೆ ಎಣಿಸುವ ಕೆಲಸವೇ. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ಅದರಲ್ಲಿ ನಾಲ್ಕು ಬಗೆಯ ಹೊಲಿಗೆಗಳು. ಗವಂತಿಯಲ್ಲಿ ಗಂಟು ಕಾಣಿಸದು, ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಇರುತ್ತವೆ. ಹಳೆಯ ಪದ್ಧತಿಯ ಪೈಠಣಿ ಸೆರಗಿಗೂ ಇದೇ ಗುಣವುಂಟು.

ಗಣಿತದ ಚೌಕಳಿ ವಹಿಯಿಂದ ಒಂದು ಹಾಳೆ ತೆಗೆದುಕೊಳ್ಳಿರಿ. ನಾಲ್ಕೂ ಕಡೆ ಎಂಟೆಂಟು ಮನೆ ಬಿಟ್ಟು ಪೆನ್ಸಿಲಿನಿಂದ ಗೆರೆ ಎಳೆಯಿರಿ. ಗವಂತಿ ಬೇಕಾದರೆ ಮನೆಗಳ ಗೆರೆಯ ಮೇಲೆಯೇ ಪೆನ್ನು ಓಡಿಸಿರಿ; ಮೆಂತಿ ಬೇಕಾದರೆ ಮನೆಗೊಂದು ಗುಣಿಸುವ ಚಿಹ್ನೆ ಹಾಕಿರಿ. ಗೋಪುರ, ತೇರು, ತುಳಸಿ ಬೃಂದಾವನ, ತೊಟ್ಟಿಲು, ಆನೆ ಇವೆಲ್ಲ ಕಸೂತಿಯ ಹಳೆಯ ಚಿತ್ರಗಳೇ. ಅಜ್ಜಿಯ ಕುಪ್ಪಸದ ಖಣವೋ, ಅತ್ತೆಯ ಸೀರೆಯೋ ಮನೆಯಲ್ಲಿದ್ದರೆ ಅದನ್ನೇ ಎದುರಿಗಿಟ್ಟುಕೊಂಡು ಮನೆ ಎಣಿಸಿ ನಕಲು ಮಾಡಿಸಿರಿ. ಎರಡು ಬಣ್ಣದ ಬಾಲ್‌ಪೆನ್ನು ಸಾಕು.

ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ

ದೊಡ್ಡ ಉಳ್ಳಾಗಡ್ಡಿ ಪೇಟೆಯಾದ ಲಾಸಲಗಾಂವ ನಮ್ಮ ನೆರೆಯಲ್ಲೇ ಇದೆ. ಈ ಸೀಮೆಯಲ್ಲಿ ಉಳ್ಳಾಗಡ್ಡಿ ಸಿಪ್ಪೆಗೆ ಬರವಿಲ್ಲ. ಒಣಗಿದ ಸಿಪ್ಪೆ ಎರಡು ಹಿಡಿ, ನೀರು ಎರಡು ಬಟ್ಟಲು. ಇಪ್ಪತ್ತು ನಿಮಿಷ ಕುದಿಸಿ, ಸೋಸಿ, ಆರಲು ಬಿಡಿರಿ. ಅಗಲವಾದ ತಾಟಿನಲ್ಲಿ ಸುರಿದು ಬಿಳಿಯ ಹಾಳೆಯನ್ನು ಒಂದು ನಿಮಿಷ ಅದ್ದಿರಿ. ತೊಯ್ದ ಕಾಗದ ಬೇಗ ಹರಿಯುವುದರಿಂದ ಎರಡು ಮೂಲೆ ಹಿಡಿದು ನಿಧಾನವಾಗಿ ಎತ್ತಿ, ಹಳೆಯ ಪಂಚೆಯ ಮೇಲೆ ನೆರಳಲ್ಲಿ ಹರವಿರಿ. ಒಣಗಿದ ಬಳಿಕ ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಟ್ಟರೆ ಸುಕ್ಕು ಹೋಗುತ್ತದೆ. ಹಾಳೆಗೆ ಜೇನಿನ ಬಣ್ಣ ಬರುತ್ತದೆ.

ಬೆಂಡೆಕಾಯಿಯನ್ನು ಅಡ್ಡಲಾಗಿ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತಿದರೆ ಐದು ಮೂಲೆಯ ಹೂವು ಮೂಡುತ್ತದೆ. ಅರಿಸಿನವೂ ಬೀಟ್ರೂಟೂ ಮೊದಲು ಬಲು ಚಂದ, ಆದರೆ ಬಿಸಿಲಿಗೆ ಬಣ್ಣ ಬಿಡುತ್ತವೆ. ಬಹುದಿನ ಇಡತಕ್ಕ ಕಾಗದಕ್ಕೆ ಉಳ್ಳಾಗಡ್ಡಿಯೇ ಮೇಲು.

ರದ್ದಿಯಿಂದ ಹೊಸ ಹಾಳೆ

ಛತ್ರಪತಿ ಸಂಭಾಜಿನಗರದಿಂದ ವೇರೂಳಕ್ಕೆ ಹೋಗುವ ಹಾದಿಯಲ್ಲಿ, ದೌಲತಾಬಾದ್ ಕೋಟೆಯ ಆಚೆ, ಕಾಗಜೀಪುರವೆಂಬ ಹಳ್ಳಿಯುಂಟು. ಕೈಯಿಂದ ಕಾಗದ ಮಾಡುವ ಕಸುಬಿನಿಂದಲೇ ಅದಕ್ಕೆ ಆ ಹೆಸರು. ಮಹಮ್ಮದ್ ಬಿನ್ ತುಘಲಕನು 1327ರಲ್ಲಿ ದಿಲ್ಲಿಯಿಂದ ಇಲ್ಲಿಗೆ ರಾಜಧಾನಿ ತಂದ ಕಾಲದಿಂದ ಈ ವಿದ್ಯೆ ಇಲ್ಲಿ ಬೇರೂರಿತೆಂದು ಹೇಳುವರು. ಮಕ್ಕಳನ್ನು ವೇರೂಳದ ಗುಹೆ ತೋರಿಸಲು ಕರೆದೊಯ್ಯುವಾಗ ಅಲ್ಲಿಯೂ ಇಳಿದು ನೋಡಿಕೊಂಡು ಬರಬಹುದು.

ಅದರ ಸಣ್ಣ ರೂಪವನ್ನು ಮನೆಯಲ್ಲಿ ಮಾಡಬಹುದು. ಹಳೆಯ ವಹಿಯ ಹಾಳೆಗಳನ್ನು ಚೂರು ಮಾಡಿ ರಾತ್ರಿಯೆಲ್ಲ ನೆನೆಯಿಡಿರಿ. ಬೆಳಿಗ್ಗೆ ಬೇಕಾದಷ್ಟು ನೀರು ಹಾಕಿ ಮಿಕ್ಸರಿನಲ್ಲಿ ತಿರುವಿ, ಅಗಲವಾದ ಬೋಗುಣಿಗೆ ಸುರಿಯಿರಿ. ಕಸೂತಿಯ ಬಳೆಗೆ ಸೊಳ್ಳೆಪರದೆಯ ತುಂಡು ಬಿಗಿದು, ಅದನ್ನು ನೀರಿನೊಳಗೆ ಇಳಿಸಿ ಸಮವಾಗಿ ಮೇಲೆತ್ತಿರಿ. ನೀರು ಸೋರಿದ ಮೇಲೆ ಹತ್ತಿಬಟ್ಟೆಯ ಮೇಲೆ ಮಗುಚಿ, ಇನ್ನೊಂದು ಬಟ್ಟೆಯಿಂದ ಒತ್ತಿ, ಬಿಸಿಲಿಗೆ ಹಾಕಿರಿ. ಹೀಗೆ ಮಾಡಿದ ಹಾಳೆಯ ಮೇಲೆ ಶಾಯಿ ಹರಡುತ್ತದೆ. ಆದ್ದರಿಂದ ತೆಳ್ಳಗಿನ ಅನ್ನದ ಗಂಜಿಯನ್ನು ಸವರಿ ಒಣಗಿಸಿ, ನುಣ್ಣನೆಯ ಕಲ್ಲಿನಿಂದಲೋ ಲೋಟದ ತಳದಿಂದಲೋ ತಿಕ್ಕಿದರೆ ಬರೆಯಲು ತಕ್ಕುದಾಗುತ್ತದೆ.

ಲಕೋಟೆ

ಗಾಂಧೀಜಿಯವರು ತಮಗೆ ಬಂದ ಲಕೋಟೆಗಳನ್ನು ಬಿಚ್ಚಿ, ಒಳಗಿನ ಬಿಳಿಯ ಮಗ್ಗುಲಲ್ಲಿ ಬರೆಯುತ್ತಿದ್ದರು. ಆ ಮಿತವ್ಯಯದಲ್ಲಿ ನಮಗೂ ಪಾಠವುಂಟು. ಹಳೆಯ ಲಕೋಟೆಯೊಂದರ ಅಂಟು ಬಿಡಿಸಿ ಹರವಿದರೆ ಅದೇ ಅಳತೆಯ ಮಾದರಿ. ಕಳೆದ ತಿಂಗಳ ಕ್ಯಾಲೆಂಡರ್ ಹಾಳೆಯ ಮೇಲಿಟ್ಟು ಗೆರೆ ಎಳೆದು, ಕತ್ತರಿಸಿ, ಮಡಿಸಿರಿ. ಒಂದು ಚಮಚ ಮೈದಾಹಿಟ್ಟನ್ನು ಅರ್ಧ ಬಟ್ಟಲು ನೀರಿನಲ್ಲಿ ಕಲಸಿ ಕಾಯಿಸಿದರೆ ಅಂಟು ಸಿದ್ಧ. ಚಿತ್ರದ ಮಗ್ಗುಲು ಹೊರಗೆ ಬಂದರೆ ವಿಳಾಸಕ್ಕೆ ಬಿಳಿಯ ಚೀಟಿ ಅಂಟಿಸಿರಿ. ಬಲಗಡೆಯ ಮೇಲಿನ ಮೂಲೆಯನ್ನು ಅಂಚೆಚೀಟಿಗೆ ಬಿಡಿರಿ. ಮಳೆಗಾಲದಲ್ಲಿ ವಿಳಾಸವನ್ನು ಬಾಲ್‌ಪೆನ್ನಿನಿಂದಲೇ ಬರೆಯತಕ್ಕದ್ದು.

ತೂಕವೂ ಟಪಾಲೂ

20 ಗ್ರಾಂ ತೂಕದವರೆಗಿನ ಲಕೋಟೆಗೆ ದೇಶದೊಳಗೆ 5 ರೂಪಾಯಿಯ ಚೀಟಿ. ಸಾಮಾನ್ಯವಾದ ಎ-4 ಹಾಳೆ 5 ಗ್ರಾಂ ತೂಗುತ್ತದೆ. ಮನೆಯಲ್ಲಿ ಮಾಡಿದ ಲಕೋಟೆ ತುಸು ಭಾರವಾದ್ದರಿಂದ ಎರಡು ಹಾಳೆ ಇಟ್ಟರೆ ಕ್ಷೇಮ. ಇನ್‌ಲ್ಯಾಂಡ್ ಪತ್ರದೊಳಗೆ ಏನನ್ನೂ ಇಡಕೂಡದು. ಅದಕ್ಕೆ ಪೆನ್ನಿನ ಅಂಚೇ ಸಿಂಗಾರ. ಎಲ್ಲಕ್ಕೂ ಅಗ್ಗವಾದುದು 50 ಪೈಸೆಯ ಅಂಚೆಕಾರ್ಡು. 1879ರಲ್ಲಿ ಅದು ಈ ದೇಶಕ್ಕೆ ಬಂದಾಗ ಬೆಲೆ ಕಾಲಾಣೆ.

ವಿಳಾಸವನ್ನು ಮಕ್ಕಳು ಕನ್ನಡದಲ್ಲಿ ಬರೆಯಲಿ, ಅದರ ಕೆಳಗೆ ಇಂಗ್ಲಿಷಿನಲ್ಲಿಯೂ ಬರೆದು ಪಿನ್ ಸಂಖ್ಯೆ ಹಾಕಲಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಸಂಖ್ಯೆಯ ಮೊದಲ ಅಂಕಿ ಸೀಮೆಯನ್ನು ತಿಳಿಸುತ್ತದೆ: ನಮ್ಮ ಯೇವಲಾದ 423401 ನಾಲ್ಕರಿಂದ, ಕರ್ನಾಟಕದ ಊರುಗಳು ಐದರಿಂದ ಆರಂಭವಾಗುತ್ತವೆ. ಚೀಟಿ ಅಂಟಿಸುವಾಗ ಮಕ್ಕಳಿಗೆ ಇದನ್ನೂ ಹೇಳಿರಿ: ನಮ್ಮ ಜಿಲ್ಲೆಯ ನಾಶಿಕ ರೋಡಿನ ಇಂಡಿಯಾ ಸೆಕ್ಯುರಿಟಿ ಪ್ರೆಸ್ಸಿನಲ್ಲಿ 1926ರಿಂದ ಭಾರತದ ಅಂಚೆಚೀಟಿಗಳು ಅಚ್ಚಾಗುತ್ತ ಬಂದಿವೆ, ಅದಕ್ಕೆ ಮುಂಚೆ ಬಹುಕಾಲ ಇಂಗ್ಲೆಂಡಿನಿಂದ ಬರುತ್ತಿದ್ದವು.

ಏನು ಬರೆಯುವುದು?

"ಉಭಯ ಕುಶಲೋಪರಿ" ಎಂದು ಆರಂಭಿಸಿದ ಮೇಲೆ ಮುಂದೇನೆಂದು ಮಕ್ಕಳು ಪೆನ್ನು ಕಚ್ಚುವರು. ಕಂಡದ್ದನ್ನು ಹೇಳಲಿ, ಒಂದು ಪ್ರಶ್ನೆ ಕೇಳಲಿ, ಇಷ್ಟೇ ಸೂತ್ರ. ಸಾನೆ ಗುರೂಜಿಯವರು ತಮ್ಮ ಸಹೋದರನ ಮಗಳು ಸುಧಾಳಿಗೆ ಬರೆದ ಕಾಗದಗಳು ಮರಾಠಿ ಮನೆಗಳಲ್ಲಿ ಮೆಚ್ಚಿನ ಪುಸ್ತಕವಾಗಿವೆ. ಇಳಕಲ್ಲಿನ ಗೆಳತಿಗೆ ನಮ್ಮ ಮಗುವೊಂದು ಹೀಗೆ ಬರೆಯಬಹುದು:

"ಪ್ರೀತಿಯ ಗೆಳತಿ, ನಾವೆಲ್ಲ ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ. ಈ ಕಾಗದದ ಬಣ್ಣ ಅಂಗಡಿಯದಲ್ಲ, ಉಳ್ಳಾಗಡ್ಡಿ ಸಿಪ್ಪೆಯದು. ಮೂಸಿ ನೋಡಿ, ವಾಸನೆ ಉಳಿದಿದೆಯೋ ಇಲ್ಲವೋ ಬರೆ. ಅಂಚಿನಲ್ಲಿರುವುದು ಪೈಠಣಿಯ ನವಿಲು. ನಿಮ್ಮೂರಲ್ಲಿಯೂ ಮಗ್ಗಗಳಿವೆಯಂತೆ. ನಿಮ್ಮ ಅಜ್ಜಿಯ ಸೀರೆಯ ಕೆಂಪು ಸೆರಗನ್ನು ಚೌಕಳಿ ಹಾಳೆಯ ಮೇಲೆ ಬರೆದು ಕಳಿಸು. ನನಗೆ ಒತ್ತಕ್ಷರ ಇನ್ನೂ ತಪ್ಪುತ್ತವೆ. ತಿದ್ದಿ ಕಳಿಸು, ಆದರೆ ನಗಬೇಡ."

ತಾಯಂದಿರಿಗೆ ಎರಡು ಮಾತು. ಮೊದಲ ಕಾಗದದಲ್ಲಿ ತಪ್ಪು ಹುಡುಕಬೇಡಿರಿ. ನಾಲ್ಕು ಸಾಲಾದರೂ ಸಾಕು. ಬರೆಯಲು ಬಾರದ ಮಗುವಿಗೆ ನೀವು ಬರೆದುಕೊಟ್ಟು ನಕಲು ಮಾಡಿಸಿರಿ. ಪತ್ರಮಿತ್ರರನ್ನು ಗುರುತಿನ ಮನೆಗಳಲ್ಲಿ, ಬಂಧುಬಳಗದಲ್ಲಿ, ಸಂಘದ ಕುಟುಂಬಗಳಲ್ಲಿ ಆರಿಸಿರಿ. ಗೊತ್ತಿಲ್ಲದವರಿಗೆ ಮಕ್ಕಳ ವಿಳಾಸ ಹೋಗಬಾರದು.

ಡೆನ್ಮಾರ್ಕಿನ ರಾಷ್ಟ್ರೀಯ ಅಂಚೆ ಸಂಸ್ಥೆಯು ನಾನೂರು ವರ್ಷ ನಡೆಸಿದ ಕಾಗದ ಬಟವಾಡೆಯನ್ನು 2025ರ ಕೊನೆಯಲ್ಲಿ ನಿಲ್ಲಿಸಿತು. ಬರೆಯುವವರು ಕಡಿಮೆಯಾದುದೇ ಅದಕ್ಕೆ ಕಾರಣ. ನಮ್ಮ ಬಾಗಿಲಿಗೆ ಟಪಾಲು ಇನ್ನೂ ಬರುತ್ತಿದೆ. ಅಕ್ಟೋಬರ್ 9 ವಿಶ್ವ ಅಂಚೆ ದಿನ. ಅಂದಿಗೆ ಪ್ರತಿಯೊಂದು ಕನ್ನಡ ಮನೆಯಿಂದಲೂ ಮಗುವಿನ ಕೈಬರಹದ ಒಂದು ಕಾಗದ ಊರಿಗೆ ಹೋಗಲಿ. ಅಜ್ಜಿ ಅದನ್ನು ತಾನೇ ಓದಿ, ನೆರೆಮನೆಯವರಿಗೂ ಓದಿ ಹೇಳುವಳು. ಮರುಟಪಾಲಿಗೆ ಉತ್ತರವನ್ನೂ ಬರೆಯುವಳು. ಆ ಉತ್ತರವನ್ನು ಮೊಮ್ಮಗಳು ಯಾರ ಸಹಾಯವೂ ಇಲ್ಲದೆ ಓದಿಕೊಂಡ ದಿನ, ನೀವು ಖರ್ಚು ಮಾಡಿದ ಐದು ರೂಪಾಯಿ ಸಾರ್ಥಕವಾಯಿತೆಂದು ತಿಳಿಯಿರಿ.