4294967297 (ಸಂಖ್ಯೆ)

4294967297 ಒಂದು ಸಂಯುಕ್ತ ಸಂಖ್ಯೆ. ಇದನ್ನು ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷದ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು ಎಂದು ಓದಲಾಗುತ್ತದೆ. 2ರ 32ನೆಯ ಘಾತಕ್ಕೆ 1ನ್ನು ಕೂಡಿಸಿದಾಗ (2³² + 1) ಇದು ದೊರೆಯುತ್ತದೆ. ಕೆಲವು ಉದಾಹರಣೆಗಳು ಸರಿಹೊಂದಿದ ಮಾತ್ರಕ್ಕೆ ನಿಯಮವೊಂದು ಸಿದ್ಧವಾಗುವುದಿಲ್ಲ ಎಂಬುದಕ್ಕೆ ಈ ಸಂಖ್ಯೆ ಗಣಿತದಲ್ಲಿ ಪ್ರಸಿದ್ಧ ನಿದರ್ಶನವಾಗಿದೆ.

ಹಿನ್ನೆಲೆ

ಫ್ರಾನ್ಸಿನ ಗಣಿತಜ್ಞ ಪಿಯರ್ ಡಿ ಫರ್ಮಾ 1640ರಲ್ಲಿ ಒಂದು ವಿಶಿಷ್ಟ ಶ್ರೇಣಿಯನ್ನು ಗಮನಿಸಿದರು. 2ಕ್ಕೆ ಕ್ರಮವಾಗಿ 1, 2, 4, 8, 16 ಎಂಬ ಘಾತಾಂಕಗಳನ್ನಿಟ್ಟು, ಪ್ರತಿ ಫಲಕ್ಕೂ 1ನ್ನು ಕೂಡಿಸಿದರೆ 3, 5, 17, 257, 65537 ದೊರೆಯುತ್ತವೆ. ಈ ಐದೂ ಅವಿಭಾಜ್ಯ ಸಂಖ್ಯೆಗಳು. ಮುಂದಿನ ಪದಗಳೂ ಅವಿಭಾಜ್ಯಗಳೇ ಆಗಿರುತ್ತವೆಂದು ಫರ್ಮಾ ನಂಬಿದ್ದರು. ಆದರೆ ಅದಕ್ಕೆ ತಾರ್ಕಿಕ ಸಾಧನೆಯನ್ನು ಒದಗಿಸಲಿಲ್ಲ. ಶ್ರೇಣಿಯ ಆರನೆಯ ಪದವೇ 4294967297.

1729ರಲ್ಲಿ ಕ್ರಿಶ್ಚಿಯನ್ ಗೋಲ್ಡ್‌ಬಾಕ್ ಪತ್ರದ ಮೂಲಕ ಈ ಊಹೆಯನ್ನು ಲಿಯೊನಾರ್ಡ್ ಆಯ್ಲರ್ ಅವರ ಗಮನಕ್ಕೆ ತಂದರು. 1732ರಲ್ಲಿ ಆಯ್ಲರ್ ಈ ಸಂಖ್ಯೆಯು 641ರಿಂದ ನಿಶ್ಶೇಷವಾಗಿ ಭಾಗವಾಗುವುದನ್ನು ತೋರಿಸಿದರು. ಇದರಿಂದ ಫರ್ಮಾ ಅವರ ಊಹೆ ಬಿದ್ದುಹೋಯಿತು.

ಅಪವರ್ತನಗಳು

4294967297 = 641 × 6700417

ಈ ಎರಡು ಅಪವರ್ತನಗಳೂ ಅವಿಭಾಜ್ಯಗಳು. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕೆಂದು ಆಯ್ಲರ್ ಸಾಧಿಸಿದರು. ಅಂತಹ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಆದ್ದರಿಂದ ಐದನೆಯ ಪರೀಕ್ಷೆಯಲ್ಲೇ ಉತ್ತರ ದೊರೆಯುತ್ತದೆ.

ದೀರ್ಘ ಭಾಗಾಕಾರವಿಲ್ಲದೆಯೂ ಇದನ್ನು ಹೀಗೆ ತೋರಿಸಬಹುದು:

1. 641 = 5 × 2⁷ + 1. ಆದ್ದರಿಂದ 641 ಎಂಬುದು (5 × 2⁷)⁴ − 1, ಅಂದರೆ 5⁴ × 2²⁸ − 1 ಎಂಬ ಸಂಖ್ಯೆಯನ್ನು ಭಾಗಿಸುತ್ತದೆ.
2. 641 = 5⁴ + 2⁴. ಇದನ್ನು 2²⁸ರಿಂದ ಗುಣಿಸಿದರೆ 5⁴ × 2²⁸ + 2³² ದೊರೆಯುತ್ತದೆ. ಇದನ್ನೂ 641 ಭಾಗಿಸುತ್ತದೆ.
3. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ 2³² + 1 ಉಳಿಯುತ್ತದೆ. ಆದುದರಿಂದ ಇದನ್ನೂ 641 ಭಾಗಿಸಲೇಬೇಕು.

ಇತರ ಗುಣಗಳು

- ದ್ವಿಮಾನ ಪದ್ಧತಿಯಲ್ಲಿ ಇದಕ್ಕೆ 33 ಅಂಕಿಗಳಿವೆ. ಮೊದಲ ಮತ್ತು ಕೊನೆಯ ಅಂಕಿ 1. ನಡುವಿನ 31 ಅಂಕಿಗಳೂ ಸೊನ್ನೆಗಳು.
- ಶ್ರೇಣಿಯ ಹಿಂದಿನ ಐದು ಪದಗಳ ಗುಣಲಬ್ಧ 4294967295. ಅದಕ್ಕೆ 2ನ್ನು ಕೂಡಿಸಿದರೆ ಈ ಸಂಖ್ಯೆ ಬರುತ್ತದೆ.
- 4294967295 ಬಾಹುಗಳುಳ್ಳ ನಿಯತ ಬಹುಭುಜಾಕೃತಿಯನ್ನು ಕೈವಾರ ಮತ್ತು ಗುರುತುಗಳಿಲ್ಲದ ಪಟ್ಟಿಯಿಂದ ರಚಿಸುವುದು ತಾತ್ತ್ವಿಕವಾಗಿ ಸಾಧ್ಯ. 4294967297 ಬಾಹುಗಳದ್ದನ್ನು ರಚಿಸುವುದು ಅಸಾಧ್ಯ. 1796ರಲ್ಲಿ ಹದಿನೇಳು ಬಾಹುಗಳ ಆಕೃತಿಯನ್ನು ರಚಿಸಬಹುದೆಂದು ಕಂಡುಕೊಂಡ ಕಾರ್ಲ್ ಫ್ರೆಡ್ರಿಕ್ ಗೌಸ್, ಇಂತಹ ರಚನೆಗಳಿಗೂ ಫರ್ಮಾ ಅವಿಭಾಜ್ಯಗಳಿಗೂ ಇರುವ ಸಂಬಂಧವನ್ನು ಬೆಳಕಿಗೆ ತಂದರು.

ಈಗಿನ ಸ್ಥಿತಿ

ಈ ಶ್ರೇಣಿಯಲ್ಲಿ 65537ರ ನಂತರ ಒಂದೂ ಅವಿಭಾಜ್ಯ ಸಂಖ್ಯೆ ಇದುವರೆಗೆ ಪತ್ತೆಯಾಗಿಲ್ಲ. ಮುಂದೆ ಯಾವುದೂ ಇಲ್ಲವೆಂಬುದಕ್ಕೂ ಸಾಧನೆ ದೊರೆತಿಲ್ಲ.